ಎಡಗಡೆಯ ಸೊನ್ನೆ: ಒಂದು ಹಾಲು ಸೊಸೈಟಿ, ಪೈಥಾನ್ 3.9.5 ಮತ್ತು ತಪ್ಪಿಹೋದ ಫ್ಯಾಟ್ ಲೆಕ್ಕ

ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಆಸುಪಾಸಿನ ಒಂದು ಹಾಲು ಸೊಸೈಟಿ. 2021ರ ಜೂನ್ ತಿಂಗಳು, ಬುಧವಾರ ಸಂಜೆ. ಹಾಲು ಅಳೆದು ಮುಗಿಯುತ್ತಾ ಬಂದಿತ್ತು. ಎರಡನೇ ಕೌಂಟರಿನಲ್ಲಿ ಹಾಲು ಕೊಟ್ಟ ಒಬ್ಬರು ಅಕ್ಕ ಚೀಟಿ ಹಿಡಿದುಕೊಂಡು ಹೋದವರು ಮೆಟ್ಟಿಲಿನಿಂದ ತಿರುಗಿ ಬಂದರು.

"ಸೆಕ್ರೆಟರಿಯಣ್ಣ, ಮೆಶಿನಿನಲ್ಲಿ ಮೂರು ಪಾಯಿಂಟ್ ಏಳು ಅಂತ ಕಂಡಿತು. ಚೀಟಿಯಲ್ಲಿ ನಾಲ್ಕು ಪಾಯಿಂಟ್ ಆರು ಉಂಟು."

"ಹೆಚ್ಚೇ ಬಂದದ್ದಲ್ವಾ ಅಕ್ಕ?"

"ನನಗೆ ಹೆಚ್ಚು ಬಂದದ್ದಾದರೆ ಬೇರೆ ಯಾರಿಗೋ ಕಡಿಮೆ ಬಂದಿರಬೇಕಲ್ಲ."

ಆ ಮಾತು ಕೇಳಿಯೇ ಸೆಕ್ರೆಟರಿಯವರು ನನಗೆ ಫೋನ್ ಮಾಡಿದ್ದು. ಸೊಸೈಟಿಯ ಲೆಕ್ಕದ ತಂತ್ರಾಂಶ ಬರೆದುಕೊಟ್ಟವನು ನಾನು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಹಿಂದಿನ ದಿನ ಸಂಜೆ ಅದರಲ್ಲಿ ಒಂದು ಸಾಲು ತೆಗೆದುಹಾಕಿದವನೂ ನಾನೇ. ಆ ಒಂದು ಸಾಲಿನಿಂದ ಮೂರು ಹೊತ್ತಿನ ಹಾಲಿನ ಲೆಕ್ಕ ಹೇಗೆ ತಪ್ಪಿತು, ಆ ಸಾಲು ತೆಗೆಯುವ ಪ್ರಮೇಯ ಬಂದದ್ದಾದರೂ ಯಾಕೆ ಎಂಬುದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಇದರ ಬೇರು ಪೈಥಾನಿನ ಒಂದು ನಿರ್ವಹಣಾ ಬಿಡುಗಡೆಯಲ್ಲಿ, ಅಂದರೆ ದೋಷ ತಿದ್ದಲೆಂದು ಆಗಾಗ ಹೊರಡಿಸುವ ಸಣ್ಣ ಆವೃತ್ತಿಯಲ್ಲಿ, ಇದೆ. ಅಂಥ ಬಿಡುಗಡೆಗಳನ್ನು ನಾವು ಯಾರೂ ಸರಿಯಾಗಿ ಓದುವುದಿಲ್ಲ.

ಸೊಸೈಟಿಯ ವ್ಯವಸ್ಥೆ

ಹಾಲಿಗೆ ದುಡ್ಡು ಸಿಗುವುದು ಲೀಟರಿನ ಮೇಲೆ ಮಾತ್ರ ಅಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಎಷ್ಟು ಎಂಬುದರ ಮೇಲೆ ದರ ನಿಲ್ಲುತ್ತದೆ. ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಅನಲೈಸರಿಗೆ ಕೊಡುತ್ತಾರೆ. ಅದು ಅಂಕಿಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ, ಕಂಪ್ಯೂಟರ್ ತೂಕದ ಜೊತೆ ಸೇರಿಸಿ ಚೀಟಿ ಮುದ್ರಿಸುತ್ತದೆ.

ಅನಲೈಸರುಗಳು ಹಳೆಯ ಸೀರಿಯಲ್ ವೈರಿನವು. ಅವುಗಳನ್ನು ನೆಟ್‌ವರ್ಕಿಗೆ ತರಲು ಒಂದೊಂದಕ್ಕೂ ಒಂದು ಸಣ್ಣ ಪರಿವರ್ತಕದ ಡಬ್ಬಿ ಹಾಕಿದ್ದೆವು. ಪ್ರತಿ ಡಬ್ಬಿಗೂ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ. ಮೊದಲನೇ ಕೌಂಟರಿನದ್ದನ್ನು ಶುರುವಿನಲ್ಲಿ ನಾನೇ ಜೋಡಿಸಿ ತಂತ್ರಾಂಶದ ಸೆಟ್ಟಿಂಗುಗಳಿರುವ ಕಾನ್ಫಿಗ್ ಫೈಲಿನಲ್ಲಿ 192.168.1.40 ಎಂದು ಬರೆದಿದ್ದೆ. ಎರಡನೇ ಕೌಂಟರ್ ಆಮೇಲೆ ಬಂತು. ಅದನ್ನು ಕೂರಿಸಿದ ತಂತ್ರಜ್ಞ ಡಬ್ಬಿಯ ಮೇಲಿನ ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ: 192.168.001.050. ಆ ಡಬ್ಬಿಯ ಸೆಟ್ಟಿಂಗಿನಲ್ಲಿ ಪ್ರತಿ ಭಾಗಕ್ಕೂ ಮೂರು ಮನೆ, ಖಾಲಿ ಮನೆಗೆ ಸೊನ್ನೆ. ಅವನು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಸೊಸೈಟಿಯ ಸದಸ್ಯರ ಪುಸ್ತಕದಲ್ಲೂ 0073 ಎಂದಿದ್ದರೆ ಅದು 73ನೆಯವರೇ.

ನನ್ನ ತಂತ್ರಾಂಶ ಈ ವಿಳಾಸಗಳನ್ನು ಓದಿದ ಕೂಡಲೇ ಪೈಥಾನಿನ ಐಪಿಅಡ್ರೆಸ್ ಎಂಬ ಮಾಡ್ಯೂಲಿಗೆ (ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿಗೆ) ಕೊಟ್ಟು ಪರೀಕ್ಷಿಸುತ್ತಿತ್ತು. ಅದು ಒಪ್ಪಿಕೊಂಡು ತಿರುಗಿ ಕೊಟ್ಟ ಶುದ್ಧ ರೂಪವನ್ನು ಸಂಪರ್ಕಕ್ಕೆ ಬಳಸುತ್ತಿತ್ತು. 001.050 ಎಂದು ಕೊಟ್ಟರೆ 1.50 ಎಂದು ಬರುತ್ತಿತ್ತು. ಎಲ್ಲ ಸರಿಯಾಗಿತ್ತು.

ಸಿಡಿಲು

ಜೂನ್ ಎರಡನೇ ವಾರ ಮಳೆ ಹಿಡಿದ ಮೇಲೆ ಒಂದು ಭಾನುವಾರ ರಾತ್ರಿ ಸಿಡಿಲಿಗೆ ಸೊಸೈಟಿಯ ಮಿನಿ ಕಂಪ್ಯೂಟರ್ ಸುಟ್ಟಿತು. ಪುಣ್ಯಕ್ಕೆ ಲೆಕ್ಕದ ಪ್ರತಿ ಬೇರೆ ಕಡೆ ಇತ್ತು. ಕೇರಳದಲ್ಲಿ ಮೇ 8ರಿಂದ ಲಾಕ್‌ಡೌನ್, ಜೂನ್ 16ರ ತನಕ ಇದ್ದದ್ದು. ಹೊಸದು ತರಿಸುವ ಹಾಗಿರಲಿಲ್ಲ. ಹಾಲು ಮಾತ್ರ ಲಾಕ್‌ಡೌನಿಗೆ ನಿಲ್ಲುವುದಿಲ್ಲ. ಎರಡು ದಿನ ಸೆಕ್ರೆಟರಿಯವರು ಕೈಯಲ್ಲೇ ಬರೆದರು. ಮಂಗಳವಾರ ಮಧ್ಯಾಹ್ನ ನನ್ನ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಡಾಕರ್ ಇಮೇಜನ್ನು (ತಂತ್ರಾಂಶ ಓಡಲು ಬೇಕಾದದ್ದೆಲ್ಲ ಸೇರಿದ ಪೊಟ್ಟಣವನ್ನು) ಮತ್ತೆ ಕಟ್ಟಿ, ಸೊಸೈಟಿಗೆ ಕಳಿಸಿದೆ.

ನಾನು ಅಪ್‌ಡೇಟ್ ಮಾಡಿದ್ದಲ್ಲ. ಅದೇ ಕೋಡು, ಅದೇ ಕಾನ್ಫಿಗ್ ಫೈಲು, ಇಮೇಜ್ ಕಟ್ಟುವ ಅದೇ ಸೂಚನೆ. ಆ ಸೂಚನೆಯ ಮೊದಲ ಸಾಲಿನಲ್ಲಿ ಪೈಥಾನ್ 3.9 ಎಂದಿತ್ತು. ಫೆಬ್ರವರಿ ಕೊನೆಗೆ ಮೊದಲ ಸಲ ಕಟ್ಟಿದಾಗ ಆ ಟ್ಯಾಗಿನ, ಅಂದರೆ ಆ ಹೆಸರಿನ, ಹಿಂದೆ ಇದ್ದದ್ದು 3.9.2. ಜೂನ್‌ನಲ್ಲಿ ಅದೇ ಟ್ಯಾಗಿನ ಹಿಂದೆ ಇದ್ದದ್ದು 3.9.5, ಮೇ 3ರಂದು ಹೊರಬಂದದ್ದು. 3.9 ಎಂಬ ಹೆಸರು ಒಂದು ನಿರ್ದಿಷ್ಟ ವಸ್ತುವಿನದ್ದಲ್ಲ, ಆ ಸಾಲಿನಲ್ಲಿ ಕೊನೆಗೆ ಬಂದದ್ದು ಯಾವುದೋ ಅದರದ್ದು. ಇದು ನನಗೆ ಗೊತ್ತಿತ್ತು. ಆದರೆ ಮೂರನೇ ಅಂಕಿ ಬದಲಾದರೆ ತೊಂದರೆಯಿಲ್ಲ ಎಂದು ನಂಬಿದ್ದೆ. ಮೊದಲ ಎರಡು ಅಂಕಿ ಬದಲಾದರೆ ಹೊಸ ಸವಲತ್ತು, ಹೊಸ ನಡವಳಿಕೆ. ಮೂರನೆಯದು ಬದಲಾದರೆ ಬರೀ ದೋಷ ತಿದ್ದುಪಡಿ. ಎಲ್ಲರೂ ಹೇಳುವುದು ಹಾಗೆಯೇ.

ಮಂಗಳವಾರ ಸಂಜೆ ಐದಕ್ಕೆ ಫೋನು. "ಒಂದನೇ ಕೌಂಟರ್ ಸರಿ ಉಂಟು. ಎರಡನೆಯದ್ದು ಎಂತದೋ ಕೆಂಪು ಅಕ್ಷರದಲ್ಲಿ ಬರ್ತದೆ ಮಾರಾಯ." ಹೊರಗೆ ಮಳೆ, ಒಳಗೆ ಕ್ಯಾನು ಹಿಡಿದು ನಿಂತವರ ಸಾಲು, ಒಬ್ಬರಿಂದೊಬ್ಬರು ದೂರ ನಿಲ್ಲಬೇಕೆಂಬ ನಿಯಮ ಬೇರೆ. ಮನೆಯಿಂದಲೇ ಕಂಪ್ಯೂಟರಿನೊಳಗೆ ಹೋಗಿ ನೋಡಿದೆ. ಎರರ್ ಹೇಳುತ್ತಿದ್ದದ್ದು ಇಷ್ಟೇ: 192.168.001.050 ಎಂಬುದು ಐಪಿವಿ4 ಅಥವಾ ಐಪಿವಿ6 ವಿಳಾಸದಂತೆ ಕಾಣುವುದಿಲ್ಲ. ಇವು ಐಪಿ ವಿಳಾಸದ ಎರಡು ಬಗೆ, ನಮ್ಮದು ಐಪಿವಿ4.

ನನಗೋ ಅದು ವಿಳಾಸದಂತೆಯೇ ಕಾಣುತ್ತಿತ್ತು. ನಾಲ್ಕು ಭಾಗ, ಮೂರು ಚುಕ್ಕೆ, ಯಾವುದೂ 255 ದಾಟಿಲ್ಲ. ನಾಲ್ಕು ತಿಂಗಳು ನಡೆದದ್ದು ಈಗ ನಡೆಯುವುದಿಲ್ಲ ಎಂದರೆ ಪೈಥಾನಿನದ್ದೇ ಏನೋ ಹೊಸ ದೋಷ ಎಂದು ತೀರ್ಮಾನಿಸಿದೆ. ಪರೀಕ್ಷೆಯ ಸಾಲನ್ನು ತೆಗೆದು, ಫೈಲಿನಲ್ಲಿದ್ದ ಅಕ್ಷರಗಳನ್ನು ಹಾಗೇ ಸಾಕೆಟ್ಟಿಗೆ, ಅಂದರೆ ನೆಟ್‌ವರ್ಕ್ ಸಂಪರ್ಕ ಮಾಡುವ ಭಾಗಕ್ಕೆ, ಕೊಟ್ಟೆ. ಸಂಪರ್ಕ ಸಿಕ್ಕಿತು, ಫ್ಯಾಟ್ ಬಂತು, ಚೀಟಿ ಬಂತು. ಹತ್ತು ನಿಮಿಷದ ಕೆಲಸ. ಸೆಕ್ರೆಟರಿಯವರು ಥ್ಯಾಂಕ್ಸ್ ಹೇಳಿ ಫೋನಿಟ್ಟರು.

ಆವರಣದೊಳಗಿನ ಅಂಕಿ

ಬುಧವಾರ ಸಂಜೆಯ ಫೋನಿನ ನಂತರ ಮೊದಲು ಎರಡೂ ಕೌಂಟರಿನ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಆ ಅಕ್ಕನ ಚೀಟಿಯ 4.6 ಒಂದನೇ ಕೌಂಟರಿನಲ್ಲೂ ಇತ್ತು, ಕೆಲವೇ ಸೆಕೆಂಡುಗಳ ಹಿಂದೆ. ಅದು ಕಾಸರಗೋಡು ಗಿಡ್ಡ ದನ ಸಾಕಿದವರೊಬ್ಬರ ಹಾಲು. ಎಸ್‌ಎನ್‌ಎಫ್ ಕೂಡ ದಶಾಂಶದ ತನಕ ಒಂದೇ. ಮೇಲೆ ಹೋದ ಹಾಗೆ ಎಲ್ಲವೂ ಹಾಗೆಯೇ. ಮಂಗಳವಾರ ಸಂಜೆಯಿಂದ ಎರಡನೇ ಕೌಂಟರಿನ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಆ ಹೊತ್ತಿಗೆ ಒಂದನೇ ಕೌಂಟರಿನಲ್ಲಿ ನಿಂತಿದ್ದವರ ಹಾಲಿನ ಗುಣ ಬರೆದಿತ್ತು. ಕೈಕಾಲು ತಣ್ಣಗಾಯಿತು.

ಆಮೇಲೆ ಲಿನಕ್ಸಿನಿಂದ ಎರಡನೇ ಡಬ್ಬಿಯ ವಿಳಾಸಕ್ಕೆ ಪಿಂಗ್ ಕೊಟ್ಟೆ, ಅಂದರೆ ಆ ತುದಿ ಉತ್ತರಿಸುತ್ತದೆಯೇ ಎಂದು ನೋಡುವ ಆಜ್ಞೆ. ಪಿಂಗ್ ತನ್ನ ಮೊದಲ ಸಾಲಿನಲ್ಲಿ ನಾವು ಬರೆದ ವಿಳಾಸವನ್ನೂ ಅದರ ಪಕ್ಕ ಆವರಣದಲ್ಲಿ ತಾನು ಅರ್ಥ ಮಾಡಿಕೊಂಡ ವಿಳಾಸವನ್ನೂ ತೋರಿಸುತ್ತದೆ. 192.168.001.050, ಆವರಣದೊಳಗೆ 192.168.1.40.

ಐವತ್ತು ನಲವತ್ತಾಗಿತ್ತು. ಸಿ ಭಾಷೆಯ ಕಾಲದಿಂದ ಬಂದ ಒಂದು ರೂಢಿ ಉಂಟು: ಅಂಕಿಯ ಎಡಕ್ಕೆ ಸೊನ್ನೆ ಇದ್ದರೆ ಅದು ಹತ್ತರ ಲೆಕ್ಕದ್ದಲ್ಲ, ಎಂಟರ ಲೆಕ್ಕದ್ದು. ಹತ್ತರ ಲೆಕ್ಕದಲ್ಲಿ 50 ಎಂದರೆ ಐದು ಹತ್ತು. ಎಂಟರ ಲೆಕ್ಕದಲ್ಲಿ 050 ಎಂದರೆ ಐದು ಎಂಟು, ಅಂದರೆ 40. ಐಪಿ ವಿಳಾಸ ಓದುವ ಐನೆಟ್-ಏಟಾನ್ ಎಂಬ ಹಳೆಯ ಫಂಕ್ಷನ್ ಇಂದಿಗೂ ಈ ರೂಢಿಯನ್ನೇ ಪಾಲಿಸುತ್ತದೆ. ಸಾಕೆಟ್ಟಿಗೆ ನೇರವಾಗಿ ಅಕ್ಷರ ಕೊಟ್ಟಾಗ ಲಿನಕ್ಸ್ ಓದುವುದೂ ಅದೇ ರೀತಿ. 001 ಹೇಗೆ ಓದಿದರೂ 1, ಅದರಲ್ಲಿ ಸಮಸ್ಯೆಯಿಲ್ಲ. 050 ಮಾತ್ರ ಒಬ್ಬರಿಗೆ 50, ಇನ್ನೊಬ್ಬರಿಗೆ 40. ನಮ್ಮ ದುರದೃಷ್ಟಕ್ಕೆ 40ರಲ್ಲೂ ಅದೇ ಮಾದರಿಯ, ಅದೇ ಭಾಷೆಯಾಡುವ ಇನ್ನೊಂದು ಅನಲೈಸರ್ ಕೂತಿತ್ತು. ಪರಿವರ್ತಕದ ಡಬ್ಬಿ ಒಂದಕ್ಕಿಂತ ಹೆಚ್ಚು ಸಂಪರ್ಕಗಳಿಗೆ ಅವಕಾಶ ಕೊಡುವಂಥದ್ದು. ಎರಡನೇ ಡಬ್ಬಿಗೆ ನಾವು 60 ಎಂದು ಅಂಕಿ ಕೊಟ್ಟಿದ್ದರೆ ತಂತ್ರಾಂಶ 48ನ್ನು ಹುಡುಕಿಕೊಂಡು ಹೋಗಿ, ಯಾರೂ ಸಿಗದೆ ಸುಮ್ಮನೆ ನಿಲ್ಲುತ್ತಿತ್ತು. ನಿಂತಿದ್ದರೆ ಎಷ್ಟೋ ಒಳ್ಳೆಯದಿತ್ತು.

3.9.5ರಲ್ಲಿ ಏನು ಬದಲಾಯಿತು

ಆ ರಾತ್ರಿಯೇ ಬಿಡುಗಡೆಯ ಬದಲಾವಣೆಗಳ ಪಟ್ಟಿಯನ್ನು ಮೊದಲ ಸಲ ಪೂರ್ತಿ ಓದಿದೆ. ಉದ್ದದ ಪಟ್ಟಿ ಅದು. ನಮಗೆ ಬೇಕಾದದ್ದು ಅದರಲ್ಲಿ ಕೆಲವೇ ವಾಕ್ಯ. ಐಪಿಅಡ್ರೆಸ್ ಮಾಡ್ಯೂಲ್ ಇನ್ನು ಮುಂದೆ ಐಪಿವಿ4 ವಿಳಾಸದಲ್ಲಿ ಎಡಗಡೆಯ ಸೊನ್ನೆಗಳನ್ನು ಒಪ್ಪುವುದಿಲ್ಲ. ಅವು ದ್ವಂದ್ವಾರ್ಥದವು, ಕೆಲವು ಲೈಬ್ರರಿಗಳು (ಸಿದ್ಧ ಕೋಡಿನ ಸಂಗ್ರಹಗಳು) ಅವನ್ನು ಎಂಟರ ಲೆಕ್ಕದಲ್ಲಿ ಓದುತ್ತವೆ ಎಂಬುದು ಅದರ ಸಾರ. ಐನೆಟ್-ಏಟಾನ್ ಹೆಸರೂ ಅಲ್ಲೇ ಇತ್ತು. ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಅದಕ್ಕಿಂತ ಹೊಸದಾದ ಐನೆಟ್-ಪಿಟಾನ್ ಇಂಥ ಸೊನ್ನೆಯನ್ನು ಒಪ್ಪುವುದೇ ಇಲ್ಲ, ನಾವೂ ಅಷ್ಟೇ ಕಟ್ಟುನಿಟ್ಟಾಗುತ್ತೇವೆ ಎಂದಿದ್ದರು. ನನ್ನ ಸೊಸೈಟಿಯ ಕಥೆಯನ್ನು ನನಗಿಂತ ಮೊದಲೇ ಯಾರೋ ಬರೆದಿಟ್ಟ ಹಾಗಿತ್ತು.

ಇದರ ಹಿಂದಿನ ಇತಿಹಾಸ ಇನ್ನೂ ವಿಚಿತ್ರ. ಪೈಥಾನ್ 3.7ರ ತನಕ ಈ ಮಾಡ್ಯೂಲ್ ಅರ್ಧ ಕಟ್ಟುನಿಟ್ಟಾಗಿತ್ತು. ಎಡಕ್ಕೆ ಸೊನ್ನೆ ಇದ್ದು ಬೆಲೆ 7 ದಾಟಿದರೆ ದ್ವಂದ್ವ ಎಂದು ತಿರಸ್ಕರಿಸುತ್ತಿತ್ತು, 7ರೊಳಗೆ ಇದ್ದರೆ ಹೇಗೆ ಓದಿದರೂ ಒಂದೇ ಆದ್ದರಿಂದ ಬಿಡುತ್ತಿತ್ತು. ನಮ್ಮ 050 ಅಲ್ಲಿ ನಡೆಯುತ್ತಲೇ ಇರಲಿಲ್ಲ. 2019ರ ಅಕ್ಟೋಬರಿನಲ್ಲಿ ಬಂದ 3.8 ಆ ತಡೆಯನ್ನು ತೆಗೆದು ಎಲ್ಲ ಸೊನ್ನೆಗಳನ್ನೂ ಒಳಗೆ ಬಿಟ್ಟಿತು. ನಾನು ಕೋಡು ಬರೆದದ್ದು ಆ ಸಡಿಲ ಕಾಲದಲ್ಲಿ. ಆಮೇಲೆ 2021ರಲ್ಲಿ ಬಾಗಿಲು ಮೊದಲಿಗಿಂತ ಬಿಗಿಯಾಗಿ ಮುಚ್ಚಿತು, ಈಗ 001 ಕೂಡ ಇಲ್ಲ. ಸಡಿಲಿಸಿದ್ದೂ ಬಿಗಿ ಮಾಡಿದ್ದೂ ಪೈಥಾನಿನ ದೋಷಪಟ್ಟಿಯಲ್ಲಿ ಒಂದೇ ಸಂಖ್ಯೆಯ ಅಡಿಯಲ್ಲಿ ಇವೆ: 36384. ಭದ್ರತಾ ದೋಷವಾಗಿ ಇದಕ್ಕೆ ಸಿಕ್ಕ ಸಂಖ್ಯೆ ಸಿವಿಇ-2021-29921.

ಆ ವರ್ಷ ಇದು ಪೈಥಾನಿನ ಒಂದರ ಕಥೆಯೂ ಆಗಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಜಾವಾಸ್ಕ್ರಿಪ್ಟಿನವರು ಬಳಸುವ ನೆಟ್‌ಮಾಸ್ಕ್ ಎಂಬ ಪ್ಯಾಕೇಜಿನಲ್ಲಿ ಇದೇ ಜಾತಿಯ ದೋಷ ಸಿಕ್ಕಿತು. ಅಲ್ಲಿಂದ ಒಂದೊಂದೇ ಭಾಷೆಯವರು ತಮ್ಮ ಮನೆಯೊಳಗೆ ಹುಡುಕತೊಡಗಿದರು. ರಸ್ಟ್ ಭಾಷೆ ಸರಿಪಡಿಸಿಕೊಂಡಿತು. ಗೋ ಭಾಷೆ ಆಗಸ್ಟಿನಲ್ಲಿ 1.17ರೊಂದಿಗೆ ಎಡಗಡೆಯ ಸೊನ್ನೆಯನ್ನು ತಿರಸ್ಕರಿಸಿತು. ಅಪಾಯ ಎಲ್ಲೆಡೆ ಒಂದೇ: ಕಾವಲುಗಾರ ವಿಳಾಸವನ್ನು ಒಂದು ರೀತಿ ಓದಿ ಒಳಗೆ ಬಿಡುತ್ತಾನೆ, ಒಳಗೆ ಕೂತವನು ಅದನ್ನು ಇನ್ನೊಂದು ರೀತಿ ಓದಿ ಬೇರೆ ಕಡೆಗೆ ಹೋಗುತ್ತಾನೆ. ದುರುದ್ದೇಶ ಇರುವವರು ಈ ಅಂತರವನ್ನು ಬಳಸಿಕೊಂಡು, ಹೋಗಬಾರದ ಒಳ ನೆಟ್‌ವರ್ಕಿಗೆ ದಾರಿ ಮಾಡಿಕೊಳ್ಳಬಹುದು. ನಮ್ಮಲ್ಲಿ ದುರುದ್ದೇಶದವರು ಯಾರೂ ಇರಲಿಲ್ಲ, ಆದರೂ ಅಂತರ ತನ್ನ ಕೆಲಸ ಮಾಡಿತು.

ಪೈಥಾನ್ ಭಾಷೆಯೇ ತನ್ನ ಅಂಕಿಗಳ ವಿಷಯದಲ್ಲಿ ಈ ಪಾಠ ಮೊದಲೇ ಕಲಿತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಪೈಥಾನ್ 2ರಲ್ಲಿ ಕೋಡಿನೊಳಗೆ 010 ಎಂದು ಬರೆದರೆ ಅದು 8. ಪೈಥಾನ್ 3ರಲ್ಲಿ ಹಾಗೆ ಬರೆಯುವುದೇ ತಪ್ಪು, ಎಂಟರ ಲೆಕ್ಕ ಬೇಕಿದ್ದರೆ ಸೊನ್ನೆಯ ಪಕ್ಕ ಓ ಅಕ್ಷರ ಹಾಕಿ ಸ್ಪಷ್ಟವಾಗಿ ಹೇಳಬೇಕು. ಎರಡರ್ಥದ ಬರಹವನ್ನು ಊಹಿಸುವ ಬದಲು ತಿರಸ್ಕರಿಸುವುದು. ಐಪಿ ವಿಳಾಸಕ್ಕೆ ಅದೇ ನ್ಯಾಯ ಬರಲು ಇಷ್ಟು ವರ್ಷ ಬೇಕಾಯಿತು.

ಮೂರನೇ ಅಂಕಿಯ ಮಾತು

ಇಂಥ ಬದಲಾವಣೆಯನ್ನು ನಿರ್ವಹಣಾ ಬಿಡುಗಡೆಯಲ್ಲಿ ತರಬಹುದೇ? ಮೊದಲ ರಾತ್ರಿ ನನಗೆ ಸಿಟ್ಟು ಬಂದಿತ್ತು. 3.10 ಅಕ್ಟೋಬರಿನಲ್ಲಿ ಬರುವುದಿತ್ತು, ಅದರಲ್ಲಿ ತಂದಿದ್ದರೆ ನಾನು ಎಚ್ಚರದಿಂದ ಇರುತ್ತಿದ್ದೆ ಎಂದುಕೊಂಡೆ. ಈಗ ಹಾಗೆ ಅನಿಸುವುದಿಲ್ಲ. 3.10ಕ್ಕೆ ಕಾದಿದ್ದರೆ 3.9ರಲ್ಲೇ ಉಳಿಯುವವರು, ನನ್ನಂಥವರು ಬಹಳ ಜನ, ಆ ತೂತಿನೊಂದಿಗೇ ಇನ್ನೂ ಎಷ್ಟು ಕಾಲ ಇರುತ್ತಿದ್ದೆವೋ. ಅದಕ್ಕೇ ಅವರು ಅದನ್ನು 3.9.5ಕ್ಕೂ, ಆಗಸ್ಟ್ ಕೊನೆಯಲ್ಲಿ 3.8.12ಕ್ಕೂ ತಂದರು. ದೋಷ ತಿದ್ದುವುದು ಎಂದರೆ ನಡವಳಿಕೆ ಬದಲಿಸುವುದೇ. ಆ ದೋಷಕ್ಕೇ ಒರಗಿಕೊಂಡು ನಿಂತವರಿಗೆ ತಿದ್ದುಪಡಿ ಎಂದರೆ ಗೋಡೆ ಬಿದ್ದ ಹಾಗೆ. ನಾನು ಒರಗಿಕೊಂಡಿದ್ದೆ, ಗೊತ್ತಿಲ್ಲದೆ.

ನನಗೆ ಇಂದಿಗೂ ನೋವಾಗುವುದು ಬೇರೆಯೇ ವಿಷಯಕ್ಕೆ. ಐಪಿವಿ4ಕ್ಕೆಂದೇ ಇರುವ ಕ್ಲಾಸಿಗೆ ಆ ವಿಳಾಸ ಕೊಟ್ಟು ನೋಡಿದೆ. ಅಲ್ಲಿ ಎರರ್ ಸ್ಪಷ್ಟವಾಗಿ ಹೇಳುತ್ತದೆ: 001ರಲ್ಲಿ ಎಡಗಡೆಯ ಸೊನ್ನೆಗೆ ಅನುಮತಿಯಿಲ್ಲ. ಆದರೆ ನಾನು ಬಳಸಿದ್ದು, ಹೆಚ್ಚಿನವರೂ ಬಳಸುವುದು, ಎರಡೂ ಬಗೆಯ ವಿಳಾಸಕ್ಕೆ ಹೊಂದುವ ಸಾಮಾನ್ಯ ಫಂಕ್ಷನ್. ಅದು ಮೊದಲು ಐಪಿವಿ4 ಎಂದು ಪ್ರಯತ್ನಿಸುತ್ತದೆ, ಆಗದಿದ್ದರೆ ಐಪಿವಿ6 ಎಂದು ಪ್ರಯತ್ನಿಸುತ್ತದೆ. ಎರಡೂ ಆಗದಿದ್ದಾಗ ಒಳಗಿನ ಕಾರಣಗಳನ್ನು ಬಿಟ್ಟು, ಇದು ವಿಳಾಸದಂತೆ ಕಾಣುವುದಿಲ್ಲ ಎಂದಷ್ಟೇ ಹೇಳುತ್ತದೆ. ಸೊನ್ನೆ ಎಂಬ ಒಂದು ಪದ ಆ ಸಂಜೆ ನನ್ನ ಕಣ್ಣಿಗೆ ಬಿದ್ದಿದ್ದರೆ ಫೈಲಿನಿಂದ ಮೂರು ಸೊನ್ನೆ ಅಳಿಸಿ ಮುಗಿಸುತ್ತಿದ್ದೆ. ಕಾರಣ ಕಾಣದ್ದರಿಂದ ಕಾವಲನ್ನೇ ತೆಗೆದೆ. ಭಾಷೆಯೊಂದರ ನಿರ್ವಾಹಕರು ಹಳೆಯ ಸಾಲಿನಲ್ಲಿ ಹೊಸ ನಿಷೇಧ ತರುವುದಾದರೆ, ಆ ನಿಷೇಧದ ಕಾರಣ ಬಳಕೆದಾರರ ಪರದೆಯ ತನಕ ತಲುಪುತ್ತದೆಯೇ ಎಂದು ನೋಡುವುದೂ ಅದೇ ಕೆಲಸದ ಭಾಗ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಸಾಲು ಹಚ್ಚಿ ನಿಂತ ಜನರ ಮುಂದೆ ಬದಲಾವಣೆಗಳ ಪಟ್ಟಿ ಓದಲು ಯಾರಿಗೂ ಸಮಯವಿರುವುದಿಲ್ಲ, ಓದಲು ಸಿಗುವುದು ಆ ಎರರಿನ ಒಂದು ಸಾಲು ಮಾತ್ರ.

ಹಾಗೆಂದು ನನ್ನ ತಪ್ಪು ಸಣ್ಣದಾಗುವುದಿಲ್ಲ. ತಂತ್ರಾಂಶ ನಿಂತಾಗ ನಷ್ಟ ಆಗುತ್ತಿದ್ದದ್ದು ಒಂದು ಸಂಜೆಯ ಅನುಕೂಲಕ್ಕೆ. ಅದನ್ನು ಬಲವಂತವಾಗಿ ಓಡಿಸಿದಾಗ ನಷ್ಟವಾದದ್ದು ಜನರ ಲೆಕ್ಕಕ್ಕೆ.

ಸರಿಪಡಿಸಿದ್ದು

ಬುಧವಾರ ರಾತ್ರಿ ಪರೀಕ್ಷೆಯ ಸಾಲನ್ನು ಮತ್ತೆ ಹಾಕಿದೆ, ಫೈಲಿನಲ್ಲಿ 192.168.1.50 ಎಂದು ಬರೆದೆ. ಗುರುವಾರ ಬೆಳಿಗ್ಗೆ ಸೊಸೈಟಿಗೆ ಹೋಗಿ, ಎರಡನೇ ಮೆಶಿನಿನ ಪರದೆಯನ್ನೂ ಚೀಟಿಯನ್ನೂ ಇಪ್ಪತ್ತು ಜನರಿಗೆ ತಾಳೆ ನೋಡಿದ ಮೇಲೆಯೇ ಕೂತೆ.

ಕಷ್ಟವಾದದ್ದು ಹಿಂದಿನ ಮೂರು ಹೊತ್ತಿನ ಲೆಕ್ಕ. ಮಂಗಳವಾರ ಸಂಜೆ, ಬುಧವಾರ ಬೆಳಿಗ್ಗೆ, ಬುಧವಾರ ಸಂಜೆ. ತೂಕ ಸರಿಯಿತ್ತು, ತೂಕದ ಮೆಶಿನು ಬೇರೆ ವೈರಿನದ್ದು. ಫ್ಯಾಟ್ ಮಾತ್ರ ಎಲ್ಲಿಯೂ ಉಳಿದಿರಲಿಲ್ಲ. ಮೆಶಿನಿನ ಪರದೆಯಲ್ಲಿ ಬಂದು ಹೋಗಿತ್ತು, ಹಾಲು ಒಟ್ಟಾಗಿ ಟ್ಯಾಂಕರಿಗೆ ಸೇರಿತ್ತು. ಎರಡನೇ ಕೌಂಟರಿನಲ್ಲಿ ಕೂತ ಹುಡುಗನನ್ನು ಯಾರೂ ದೂರಬಾರದು ಎಂದು ನಾನು ಸಮಿತಿಯವರ ಹತ್ತಿರ ಮೊದಲೇ ಹೇಳಿದೆ. ಅಷ್ಟು ಜನರ ನಡುವೆ ಮೆಶಿನಿನ ಪರದೆ ನೋಡುತ್ತಾ ಕೂರಲು ಆಗುವುದಿಲ್ಲ, ಆ ಕೆಲಸ ಕಂಪ್ಯೂಟರ್ ಮಾಡುತ್ತದೆ ಎಂದು ಅವನಿಗೆ ಹೇಳಿಕೊಟ್ಟವನು ನಾನು. ಸಮಿತಿ ಕೊನೆಗೆ ಒಂದು ದಾರಿ ಒಪ್ಪಿತು. ಪ್ರತಿಯೊಬ್ಬರ ಹಿಂದಿನ ಹತ್ತು ದಿನದ ಸರಾಸರಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ ತೆಗೆದು ಆ ಮೂರು ಹೊತ್ತಿಗೆ ಹಾಕುವುದು, ಕಡಿಮೆ ಸಿಕ್ಕಿದ್ದವರಿಗೆ ವ್ಯತ್ಯಾಸ ಕೊಡುವುದು, ಹೆಚ್ಚು ಸಿಕ್ಕಿದ್ದವರಿಂದ ವಾಪಸು ಕೇಳದಿರುವುದು. ಆ ವ್ಯತ್ಯಾಸದ ಮೊತ್ತ ನಾನು ಕೊಟ್ಟೆ. ಬೇಡ ಎಂದರು, ಆದರೂ ಕೊಟ್ಟೆ.

ತಂತ್ರಾಂಶದಲ್ಲಿ ಮಾಡಿದ ಬದಲಾವಣೆಗಳಲ್ಲಿ ಒಂದನ್ನು ಮಾತ್ರ ವಿವರವಾಗಿ ಹೇಳಬೇಕು. ಸಂಪರ್ಕ ಸಿಕ್ಕಿದ ಮೇಲೆ ಆ ತುದಿಯಲ್ಲಿ ನಿಜವಾಗಿ ಇರುವ ವಿಳಾಸ ಯಾವುದೆಂದು ಸಾಕೆಟ್ಟನ್ನೇ ಕೇಳಬಹುದು. ಈಗ ಪ್ರತಿ ಚೀಟಿಯ ಸಾಲಿನೊಂದಿಗೆ ಆ ವಿಳಾಸವೂ ಉಳಿಯುತ್ತದೆ. ನಾವು ಎಲ್ಲಿಗೆ ಹೋಗಬೇಕೆಂದು ಬರೆದೆವೋ ಅದಲ್ಲ, ಎಲ್ಲಿಗೆ ಹೋಗಿ ಮುಟ್ಟಿದೆವೋ ಅದು. ಎರಡೂ ಬೇರೆಯಾದರೆ ಕೌಂಟರ್ ನಿಲ್ಲುತ್ತದೆ. ಇದು ಮೊದಲೇ ಇದ್ದಿದ್ದರೆ ಮಂಗಳವಾರ ಸಂಜೆಯ ಮೊದಲ ಚೀಟಿಗೇ ಗೊತ್ತಾಗುತ್ತಿತ್ತು. ಉಳಿದಂತೆ ಸೊನ್ನೆ ತುಂಬಿದ ವಿಳಾಸ ಬಂದರೆ ಕಾನ್ಫಿಗ್ ಓದುವಾಗಲೇ ಕನ್ನಡದಲ್ಲೂ ಮಲಯಾಳದಲ್ಲೂ ಕಾರಣ ಹೇಳಿ ತಡೆಯುತ್ತದೆ, ಅದಕ್ಕೊಂದು ಪರೀಕ್ಷೆಯೂ ಉಂಟು.

ಪೈಥಾನಿನ ಆವೃತ್ತಿಯನ್ನು ಮೂರೂ ಅಂಕಿ ಸೇರಿಸಿ ಕಟ್ಟಿಹಾಕಿದೆ. ಆದರೆ ಕಟ್ಟಿ ಮರೆತರೆ ಮುಂದಿನ ಭದ್ರತಾ ತಿದ್ದುಪಡಿ ನಮಗೆ ಬರುವುದೇ ಇಲ್ಲ. ಹಾಗಾಗಿ ಹೊಸ ನಿರ್ವಹಣಾ ಬಿಡುಗಡೆ ಬಂದಾಗಲೆಲ್ಲ ಅದರ ಪಟ್ಟಿಯಲ್ಲಿ ನಾವು ಬಳಸುವ ಮಾಡ್ಯೂಲುಗಳ ಹೆಸರು ಹುಡುಕುತ್ತೇನೆ, ಬೆಳಗಿನ ಹಾಲು ಹೋದ ಮೇಲೆ ಮಧ್ಯಾಹ್ನ ಮೂರರ ಒಳಗೆ ಬದಲಿಸುತ್ತೇನೆ, ಸಂಜೆ ಕೌಂಟರಿನ ಹತ್ತಿರ ಇರುತ್ತೇನೆ. ಜೂನ್ 28ರಂದು ಬಂದ 3.9.6ಕ್ಕೆ ಹಾಗೆಯೇ ಹೋದದ್ದು.

ಅದೇ ವಾರ ತಂತ್ರಜ್ಞ ಬಂದು ಎರಡನೇ ಡಬ್ಬಿಯ ಮೇಲೆ ಹೊಸ ಚೀಟಿ ಅಂಟಿಸಿದ. ಈ ಸಲ 192.168.1.50 ಎಂದು ಬರೆದು, ಸೊನ್ನೆ ಯಾಕೆ ಬೇಡ ಎಂದು ಕೇಳಿದ. ಬೆರಳಿನಲ್ಲಿ ಐದು ಎಂಟು ಎಣಿಸಿ ತೋರಿಸಿದೆ. ನಲವತ್ತಕ್ಕೆ ಮುಟ್ಟಿದಾಗ ಅವನು ತಿರುಗಿ ಒಂದನೇ ಕೌಂಟರಿನ ಕಡೆ ನೋಡಿದ.